ಬೇಕಾಗಿದೆ: ಒಂದು ಬಿಫೋರ್ ಮುಖ

ಮೊದಲೇ ಸುಂದರವಾಗಿದ್ದವಳಿಗೆ ಬಣ್ಣ ಹಚ್ಚಿ, ನೋಡಿ ಹೇಗೆ ಸುಂದರಿಯಾದಳು ಎಂದು ತೋರಿಸುವುದು ಯಾವ ಸೀಮೆಯ ವಿದ್ಯೆ ಎಂಬುದು ಅಮಿತಾಳ ತಕರಾರು. ಈ ತಕರಾರನ್ನು ಅವಳು ಟೀವಿಯ ಮುಂದೆ ಹೇಳಿದ್ದರೆ ಟೀವಿ ಕೇಳಿಸಿಕೊಂಡು ಸುಮ್ಮನಿರುತ್ತಿತ್ತು. ಅವಳು ಗಂಡನ ಮುಂದೆ ಹೇಳುತ್ತಿದ್ದಳು. ಗಂಡ ವೈಭವ ಆ ಕಾರ್ಯಕ್ರಮದಲ್ಲೇ ಸಂಬಳಕ್ಕಿದ್ದವನು. ಹೀಗಾಗಿ ಪರದೆಯ ಮೇಲೆ ಮೂಡುವ ಪ್ರತಿಯೊಂದು ನುಣುಪು ಕೆನ್ನೆಗೂ ಮೆಹದಿಪಟ್ಟಣಂನ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅವನೇ ಜವಾಬುದಾರನಾಗಿದ್ದ.

ಕಾರ್ಯಕ್ರಮದ ಹೆಸರು ‘ಮುಖಾರವಿಂದಂ’. ಮಣಿಕೊಂಡದ ಒಂದು ಸಣ್ಣ ತೆಲುಗು ಚಾನೆಲ್ಲಿನಲ್ಲಿ ಗುರುವಾರ ಮಧ್ಯಾಹ್ನ ನೇರ ಪ್ರಸಾರ. ಅದರಲ್ಲಿ ವೈಭವನದು ‘ಪ್ರೊಡಕ್ಷನ್ ಎಕ್ಸಿಕ್ಯುಟಿವ್’ ಎಂಬ ಹುದ್ದೆ. ಲಿಂಗಸೂಗೂರಿನ ನೆಂಟರು ಈ ಹೆಸರು ಕೇಳಿ, ಚಾನೆಲ್ಲು ಇವನಿಂದಲೇ ಉತ್ಪತ್ತಿಯಾಗುತ್ತದೆ ಎಂದು ನಂಬಿದ್ದರು. ಅವನು ಆ ನಂಬಿಕೆಗೆ ಧಕ್ಕೆ ತಂದಿರಲಿಲ್ಲ. ನಿಜದಲ್ಲಿ ಅವನ ಕೆಲಸವೆಂದರೆ ದೊಡ್ಡದೊಂದು ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ನಿಂತು, ದೀಪದ ಬೆಳಕು ಮಾಡೆಲ್ ಹುಡುಗಿಯ ಕೆನ್ನೆಯ ಮೇಲೆ ಬೀಳುವಂತೆ ನೋಡಿಕೊಳ್ಳುವುದು. (ತೋಳು ನಡುಗಿದರೆ ಪರದೆಯ ಮೇಲೆ ಕೆನ್ನೆಯೂ ನಡುಗುತ್ತದೆ. ಆದ್ದರಿಂದ ಉಸಿರು ಬಿಗಿಹಿಡಿಯುವುದರಲ್ಲಿ ಅವನು ಯೋಗಿಗಳನ್ನು ಸಮೀಪಿಸಿದ್ದ.) ಅಷ್ಟಾಗಿಯೂ ಕೆಲಸ ಕಾಯಂ ಅಲ್ಲ, ಗುತ್ತಿಗೆ. ಕಾಯಂ ಮಾಡುವ ಮಾತೆತ್ತಿದಾಗಲೆಲ್ಲ ಪ್ರೊಡ್ಯೂಸರ್ ನರ್ಸಿಂಗ್ ರಾವ್ ಅವರಿಗೆ ಎಲ್ಲಿಂದಲೋ ಫೋನು ಬಂದುಬಿಡುತ್ತಿತ್ತು.

ಇನ್ನು ಆ ಮಾಡೆಲ್ ಹುಡುಗಿ. ಮೇಕಪ್ಪಿಗೆ ಮೊದಲು, ‘ಬಿಫೋರ್’ ಎಂದು ತೋರಿಸುವಾಗ, ಅವಳಿಗಿದ್ದಂಥ ಮುಖ ತನಗೆ ಮದುವೆಯ ದಿನವೂ ಇರಲಿಲ್ಲ ಎಂದು ಅಮಿತಾಳೇ ಒಮ್ಮೆ ಹೇಳಿದ್ದಳು. ಅದಕ್ಕೆ ವೈಭವ ಸಹಜವಾಗಿ ತಲೆಯಾಡಿಸಿದ್ದರಿಂದ ಮರುದಿನ ಸಂಜೆಯವರೆಗೂ ಮನೆಯಲ್ಲಿ ಮೌನವ್ರತ ನಡೆದಿತ್ತು. ಅಂದಿನಿಂದ ಅವನು ಈ ವಿಷಯದಲ್ಲಿ ತಲೆಯನ್ನು ಯಾವ ದಿಕ್ಕಿಗೂ ಆಡಿಸುತ್ತಿರಲಿಲ್ಲ.

ಅಮಿತಾ ಕೇವಲ ಟೀಕಿಸುವವಳಲ್ಲ. ಪ್ರಯೋಗ ಮಾಡಿಯೂ ನೋಡಿದ್ದಳು. ಕಾರ್ಯಕ್ರಮದಲ್ಲಿ ಹೇಳಿದಂತೆಯೇ ರೆಪ್ಪೆಯ ಮೇಲೆ ರೆಕ್ಕೆಯಾಕಾರದ ಗೆರೆ ಎಳೆದುಕೊಂಡಳು. ಆ ಹುಡುಗಿಯ ರೆಪ್ಪೆ ಮಂಟಪದಂತೆ ವಿಶಾಲ. ಅಮಿತಾಳ ರೆಪ್ಪೆ ಕಣ್ಣು ತೆರೆದೊಡನೆ ಒಳಗೆ ಮಡಚಿಕೊಳ್ಳುವ ಜಾತಿಯದು. ರೆಕ್ಕೆ ಹಾರುವ ಮೊದಲೇ ಮುದ್ದೆಯಾಯಿತು. ಅತ್ತೆ ಗುರುಬಾಯಿ ಸೊಸೆಯನ್ನು ನೋಡಿ, ಹೊಗೆ ಬಹಳ ಆಯಿತೇನವ್ವಾ ಎಂದು ಕನಿಕರದಿಂದ ಕೇಳಿದರು. ಮನೆಯಲ್ಲಿರುವುದು ಗ್ಯಾಸ್ ಒಲೆ. ಇನ್ನೊಮ್ಮೆ ‘ಎಲ್ಲ ಮೈಬಣ್ಣಕ್ಕೂ ಒಪ್ಪುವ’ ಫೌಂಡೇಶನ್ ಹಚ್ಚಿದಾಗ, ಜೋಳದ ಹಿಟ್ಟಿನ ಡಬ್ಬಿಯೊಳಗೆ ಮುಖವಿಟ್ಟು ತೆಗೆದಂತೆ ಕಂಡಳು. ಎಲ್ಲ ಮೈಬಣ್ಣ ಎಂದರೆ ಆ ಹುಡುಗಿಯ ಎಲ್ಲ ಅಕ್ಕತಂಗಿಯರ ಮೈಬಣ್ಣ ಎಂದು ಅವಳಿಗೆ ಅಂದು ಅರ್ಥವಾಯಿತು.

"ಹೊಟ್ಟಿ ತುಂಬಿದಾವನ್ನ ಊಟಕ್ಕ ಕುಂದ್ರಿಸಿ, ನೋಡ್ರಿ ಹೆಂಗ ಹಸಿವು ಹೋತು ಅಂದಂಗ ಐತಿ ನಿಮ್ಮ ಪ್ರೋಗ್ರಾಮು," ಎಂದಳು ಒಂದು ಸಂಜೆ, ಮೊಬೈಲಿನಲ್ಲಿ ಹಳೆಯ ಕಂತು ನೋಡುತ್ತ. "ಆಕಿ ಕಣ್ಣಿನ ಕೆಳಗ ಏನೈತಿ ಅಂತ ಮುಚ್ಚಾಕತ್ತಾರ? ಮುಚ್ಚೋದಿದ್ರ ನನ್ನ ಕಣ್ಣಿನ ಕೆಳಗ ಬರ್ರಿ. ಇಲ್ಲಿ ಕೆಲಸ ಐತಿ."

ವೈಭವ ತಲೆಯಾಡಿಸಲಿಲ್ಲ. ಆದರೆ ಮಾತನ್ನು ಕಿವಿಯಲ್ಲಿ ಭದ್ರವಾಗಿ ಇಟ್ಟುಕೊಂಡ. ಹೆಂಡತಿಯ ಮಾತನ್ನು ಮನೆಯಲ್ಲಿ ಕೇಳದ ಗಂಡಸು ಆಫೀಸಿನಲ್ಲಿ ಅದನ್ನೇ ತನ್ನದೆಂದು ಹೇಳುವುದು ಲೋಕದ ರೂಢಿ. ಅವನೇನು ಆ ರೂಢಿಗೆ ಹೊರತಲ್ಲ.

ಅವಕಾಶ ಬೇಗನೆ ಒದಗಿತು. ಕಾರ್ಯಕ್ರಮದ ಪ್ರಾಯೋಜಕರು ಮುಖ ಒರೆಸುವ ಲೋಷನ್ ತಯಾರಿಸುವವರು. ಅವರ ಕಡೆಯಿಂದ ಟೈ ಕಟ್ಟಿದ ಒಬ್ಬ ಮನುಷ್ಯ ಬಂದು, ನೋಡುಗರ ಫೋನುಗಳು ಬರುತ್ತಿಲ್ಲ, ಹೀಗೇ ಆದರೆ ನಾವು ಬೇರೆ ಚಾನೆಲ್ಲು ನೋಡಿಕೊಳ್ಳುತ್ತೇವೆ ಎಂದು ಮೀಟಿಂಗಿನಲ್ಲಿ ಮೆತ್ತಗೆ ಹೆದರಿಸಿದ. ನರ್ಸಿಂಗ್ ರಾವ್ ಮೇಜಿನ ಸುತ್ತ ಒಮ್ಮೆ ನೋಡಿದರು. ಎಲ್ಲರೂ ತಮ್ಮ ತಮ್ಮ ಚಹದ ಕಪ್ಪಿನೊಳಗೆ ಇಳಿದುಬಿಟ್ಟಿದ್ದರು. ಆಗ ಬಾಗಿಲ ಬಳಿ ನಿಂತಿದ್ದ ವೈಭವ, ಹೊಟ್ಟೆ ತುಂಬಿದವನ ಉಪಮೆಯನ್ನು ಶುದ್ಧ ತೆಲುಗಿನಲ್ಲಿ ಒಪ್ಪಿಸಿದ. ಕಣ್ಣ ಕೆಳಗಿನ ಕಪ್ಪು, ಮಡಚುವ ರೆಪ್ಪೆ, ಹಿಟ್ಟಿನ ಡಬ್ಬಿ, ಒಂದನ್ನೂ ಬಿಡಲಿಲ್ಲ. ನಮಗೆ ಬೇಕಾದದ್ದು ನೋಡುವವರಂಥದೇ ಒಂದು ಮುಖ ಎಂದು ಮುಗಿಸಿದ. ಎಲ್ಲಿಯೂ ‘ನನ್ನ ಹೆಂಡತಿ ಹೇಳಿದಂತೆ’ ಎಂಬ ಮಾತು ಬರದಂತೆ ಎಚ್ಚರ ವಹಿಸಿದ.

ಟೈ ಮನುಷ್ಯ ಮೆಚ್ಚಿ ಮೇಜು ಕುಟ್ಟಿದ. ನರ್ಸಿಂಗ್ ರಾವ್ ಎದ್ದು ಬಂದು ವೈಭವನ ಹೆಗಲ ಮೇಲೆ ಕೈಯಿಟ್ಟರು. ಐಡಿಯಾ ಯಾರದೋ ಮುಖವೂ ಅವರದೇ ಜವಾಬುದಾರಿ, ಬರುವ ಗುರುವಾರಕ್ಕೆ ಒಬ್ಬ ಸಂಸಾರಸ್ಥ ಹೆಣ್ಣುಮಗಳನ್ನು ಕರೆದುಕೊಂಡು ಬಾ ಎಂದರು. ಬಂದರೆ ನಿನ್ನ ಕೆಲಸ ಕಾಯಂ. ಬರದಿದ್ದರೆ ಕಾರ್ಯಕ್ರಮವೇ ಇರುವುದಿಲ್ಲ. ಕಾರ್ಯಕ್ರಮವಿಲ್ಲದ ಮೇಲೆ ಹಲಗೆ ಹಿಡಿಯುವವನು ಯಾಕೆ ಬೇಕು, ನೀನೇ ಹೇಳು ಎಂದರು.  ಅಂದು ವೈಭವ ಬಸ್ಸಿನಲ್ಲಿ ನಿಂತುಕೊಂಡೇ ಬಂದರೂ ಕಾಯಂ ನೌಕರನ ಹಾಗೆ ನಿಂತಿದ್ದ.

ಆ ಉತ್ಸಾಹದಲ್ಲೇ ಮನೆ ಹೊಕ್ಕು ಅವನು ಆಡಿದ ಮೊದಲ ಮಾತು ಅವನ ಜೀವಮಾನದ ತಪ್ಪುಗಳಲ್ಲಿ ಎತ್ತರದ ಸ್ಥಾನ ಪಡೆಯಿತು. "ಅಮಿತಾ, ನಮ್ಮ ಪ್ರೋಗ್ರಾಮಿಗೆ ನಿನ್ನಂಥಾ ಮಾರೀನ ಬೇಕಂತ," ಎಂದ.

ಅಮಿತಾ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತಿತು.

"ನನ್ನಂಥಾ ಮಾರಿ ಅಂದ್ರ ಎಂಥಾ ಮಾರಿ?"

"ಅಂದ್ರ... ಸಾಮಾನ್ಯ. ಎಲ್ಲಾರಿಗೂ ಇರತೈತಲ್ಲ, ಅಂಥಾದ್ದು."

ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು. ಈ ಸಲ ಹಿಟ್ಟಿಗೆ ಬೀಳಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಬೀಳುತ್ತಿತ್ತು. ಊಟಕ್ಕೆ ಕುಳಿತಾಗ ಅವಳು ತಾಟು ಮುಂದಿಟ್ಟು, ತಗೊಳ್ಳಿ, ಎಲ್ಲರಿಗೂ ಇರುವಂಥ ರೊಟ್ಟಿ, ಎಲ್ಲರಿಗೂ ಇರುವಂಥ ಪಲ್ಯ ಎಂದಳು. ಸಾಮಾನ್ಯವಾಗಿ ಜೊತೆಗಿರುವ ಶೇಂಗಾ ಚಟ್ನಿಪುಡಿ ಅಂದು ತಾಟಿನಲ್ಲಿ ಇರಲಿಲ್ಲ. ಅದು ಬಹುಶಃ ವಿಶೇಷ ಮುಖದವರಿಗೆ ಮೀಸಲು.

ಮನೆಯ ದಾರಿ ಮುಚ್ಚಿದ್ದರಿಂದ ವೈಭವ ಹೊರಗೆ ಹುಡುಕಲು ಹೊರಟ. ಕೆಳಗಿನ ಮನೆಯ ನೇತ್ರಾ ಬೀದರ ಕಡೆಯವರು. ಟೀವಿ ಎಂದೊಡನೆ ಕುರ್ಚಿ ಎಳೆದು ಹಾಕಿದರು. ನಮಗೆ ಬೇಕಾದದ್ದು ಸಾಧಾರಣ ಮುಖ ಎಂದೊಡನೆ ಕುರ್ಚಿಯನ್ನು ಮರಳಿ ಎಳೆದುಕೊಳ್ಳುವುದೊಂದೇ ಬಾಕಿ. ನಾನಾದರೆ ಚೆನ್ನಾಗೇ ಇದ್ದೇನೆ, ಮೇಲಿನ ಮಹಡಿಯ ಟೀಚರನ್ನು ಕೇಳಿ, ಪಾಪ, ಅವರ ಮುಖಕ್ಕೆ ಬಹಳ ಜರೂರತ್ತಿದೆ ಎಂದರು. ಟೀಚರು ಆ ಮಾತನ್ನು ಸಹನೆಯಿಂದ ಕೇಳಿ, ಎದುರು ಮನೆಯ ಹಾಲಿನವರ ಸೊಸೆಯ ಹೆಸರು ಸೂಚಿಸಿದರು. ಹಾಲಿನವರ ಸೊಸೆ ಎರಡು ನಿಮಿಷ ಯೋಚಿಸಿ, ಇಡೀ ಗಲ್ಲಿಯಲ್ಲಿ ಈ ಕೆಲಸಕ್ಕೆ ತಕ್ಕವರು ನೇತ್ರಾ ಒಬ್ಬರೇ ಎಂದು ತೀರ್ಪು ಕೊಟ್ಟಳು. ಹೀಗೆ ಸಾಧಾರಣ ಮುಖವೆಂಬುದು ಪ್ರತಿಯೊಬ್ಬರ ಪಕ್ಕದ ಮನೆಯಲ್ಲಿದೆಯೇ ಹೊರತು ಯಾರ ಸ್ವಂತ ಮನೆಯಲ್ಲೂ ಇಲ್ಲ ಎಂಬ ಜ್ಞಾನ ವೈಭವನಿಗೆ ಉಂಟಾಯಿತು.

ಜ್ಞಾನದ ಜೊತೆಗೆ ಕೀರ್ತಿಯೂ ಬಂತು. ಇವನು ಗಲ್ಲಿಯ ಹೆಂಗಸರ ಕುರೂಪಗಣತಿ ಮಾಡುತ್ತಿದ್ದಾನೆ ಎಂಬ ಸುದ್ದಿ ಬೆಳಗಾಗುವಷ್ಟರಲ್ಲಿ ಎಲ್ಲ ಮಹಡಿಗೂ ಹತ್ತಿ ಇಳಿಯಿತು. ಅವನು ಮೆಟ್ಟಿಲಲ್ಲಿ ಕಂಡರೆ ಹೆಂಗಸರು ಸೆರಗು ಮುಂದೆಳೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು. ನೇತ್ರಾ ಅವರ ಯಜಮಾನರು ಒಂದು ದಿನ ಅವನನ್ನು ತಡೆದು ನಿಲ್ಲಿಸಿ, ನಮ್ಮ ಮನೆಯವರ ಮುಖದಲ್ಲಿ ನಿಮಗೆ ಕಂಡ ಕೊರತೆಯಾದರೂ ಏನು ಎಂದು ಕೇಳಿದರು. ಕೇಳಿದ ಧಾಟಿಯಲ್ಲಿ ಜಗಳಕ್ಕಿಂತ ಕುತೂಹಲವೇ ಹೆಚ್ಚಿದ್ದಂತಿತ್ತು. ವೈಭವ ಬಸ್ಸು ಬಂತು ಎಂದು ಓಡಿದ. ಆ ಗಲ್ಲಿಗೆ ಬಸ್ಸು ಬರುವುದಿಲ್ಲ.

ಬುಧವಾರ ಸಂಜೆ ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಬಂದು ಕುಳಿತ. ಗುರುಬಾಯಿ ಅಲ್ಲೇ ನೆಲದ ಮೇಲೆ ಮೆಂತ್ಯ ಸೊಪ್ಪು ಸೋಸುತ್ತಿದ್ದರು.

"ಅಮಿತಾ, ನೀನ ಬರಬೇಕು. ಬ್ಯಾರೆ ಯಾರೂ ಸಿಗವಲ್ರು."

"ಯಾಕ, ನಾ ಚಂದ ಇಲ್ಲಂತನಾ?"

"ಛೇ, ಹಂಗಲ್ಲ. ನೀ ಭಾಳ ಚಂದ ಅದೀ."

"ಚಂದ ಇದ್ದಾಕಿ ನಿಮ್ಮ ಬಿಫೋರಿಗೆ ಯಾಕ ಬೇಕ್ರಿ? ಚಂದ ಇದ್ದಾಕಿನ್ನ ಬಿಡಿಸಿ ಚಂದ ಇಲ್ಲದಾಕಿನ್ನ ಹುಡುಕಾಕತ್ತೀರಿ ಅಂತ ಇಡೀ ಬಿಲ್ಡಿಂಗಿಗೇ ಗೊತ್ತೈತಿ."

"ಅಷ್ಟ ಏನ್ ಚಂದ ಅಲ್ಲ ಅಂತ ತಿಳಕೊ..." ಎಂದವನು ನಾಲಿಗೆ ಕಚ್ಚಿಕೊಂಡ.

"ಹಾಂ," ಎಂದಳು ಅಮಿತಾ, ಸಮಾಧಾನವಾಗಿ. "ಈಗ ಬಂತು ನೋಡ್ರಿ ಹೊಟ್ಟ್ಯಾಗಿಂದು ಬಾಯಿಗೆ."

ಚಂದವೆಂದರೆ ಒಂದು ಬಾಗಿಲು ಮುಚ್ಚುತ್ತದೆ, ಅಲ್ಲವೆಂದರೆ ಇನ್ನೊಂದು. ನಡುವೆ ಕುಳಿತ ವೈಭವನಿಗೆ ಸೊಳ್ಳೆ ಹೊಡೆಯುವುದಷ್ಟೇ ಉಳಿಯಿತು. ಕೊನೆಗೆ ದಾರಿ ತೋರಿಸಿದವರು ಗುರುಬಾಯಿ. ಅವನ ನೌಕರಿ ಪಕ್ಕಾ ಆಗುವುದಾದರೆ ಒಂದು ತಾಸು ಮುಖ ಕೊಟ್ಟರೆ ಏನು ಸವೆದುಹೋಗುತ್ತದೆ ಎಂದರು. ಬಿಫೋರೋ ಗಿಫೋರೋ, ಕಡೆಗೆ ಚಂದ ಮಾಡಿಯೇ ಕಳಿಸುತ್ತಾರಲ್ಲ ಎಂದರು. ಅಮಿತಾ ದೀರ್ಘವಾಗಿ ಉಸಿರು ಬಿಟ್ಟು, ನಿಮ್ಮ ಮಗನ ನೌಕರಿ ಸಲುವಾಗಿ ಬರುತ್ತೇನೆ, ಟೀವಿಯ ಆಸೆ ನನಗೇನಿಲ್ಲ ಎಂದು ಒಪ್ಪಿಕೊಂಡಳು. (ಒಪ್ಪುವ ಹೊತ್ತಿಗೆ ಇಳಕಲ್ ಸೀರೆಗೆ ಇಸ್ತ್ರಿ ಆಗಿ ಗಂಟೆಗಳಾಗಿದ್ದವು.) ಎರಡು ಷರತ್ತು ಹಾಕಿದಳು: ‘ಸಾಮಾನ್ಯ’ ಎಂಬ ಮಾತು ಯಾರ ಬಾಯಲ್ಲೂ ಬರಕೂಡದು, ಅತ್ತೆಯೂ ಜೊತೆಗೆ ಬರಬೇಕು. ಪ್ರತಿಯಾಗಿ ಮುಖಕ್ಕೆ ಪೌಡರನ್ನೂ ಸೋಕಿಸದೆ, ಬರೀ ತೊಳೆದುಕೊಂಡು ಬರುತ್ತೇನೆಂದು ಮಾತು ಕೊಟ್ಟಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಮರುದಿನ ಮುಖ ತೊಳೆದು, ಹಣೆಗೆ ಕುಂಕುಮ ಇಟ್ಟುಕೊಂಡು ಆಟೋ ಹತ್ತಿದಳು.

ಸ್ಟುಡಿಯೋದಲ್ಲಿ ಎಲ್ಲವೂ ಸುಸೂತ್ರವಾಗಿ ಆರಂಭವಾಯಿತು. ಸುಸೂತ್ರವಾಗಿ ಆರಂಭವಾಗುವುದನ್ನು ಕಂಡರೆ ವೈಭವನಿಗೆ ಒಳಗೊಳಗೇ ಭಯ. ಆದರೂ ಆ ದಿನ ನಂಬಿದ. ಮೇಕಪ್ ಮಾಡುತ್ತ ಮಾಡುತ್ತಲೇ ಮಾತಾಡಿ ಕಾರ್ಯಕ್ರಮ ನಡೆಸುವ ಶೈಲಜಾ ಮೇಡಂ, ಅಮಿತಾಳ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, ಕಣ್ಣು ತುಂಬಿ ಬಂದವರಂತೆ, ಎಷ್ಟು ಕಾಲವಾಯಿತು ಇಂಥ ಮುಖ ಸಿಕ್ಕಿ, ಇಲ್ಲಿ ಮಾಡಲು ಏನಾದರೂ ಇದೆ ಎಂದರು. ಅಮಿತಾ ಗಂಡನ ಕಡೆ ನೋಡಿದಳು. ಇದೇ ಮಾತನ್ನು ಹೀಗೆ ಹೇಳಬಹುದಾಗಿತ್ತು ಎಂಬ ಅರ್ಥ ಆ ನೋಟದಲ್ಲಿತ್ತು. ನರ್ಸಿಂಗ್ ರಾವ್ ದೂರದಿಂದಲೇ ಹೆಬ್ಬೆರಳು ಎತ್ತಿದರು. ಗುರುಬಾಯಿಗೆ ಗೋಡೆ ಪಕ್ಕ ಒಂದು ಕುರ್ಚಿ ಸಿಕ್ಕಿತು. ವೈಭವ ತನ್ನ ಹಲಗೆ ಹಿಡಿದು ನಿಂತ.

ನೇರ ಪ್ರಸಾರಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೈ ಅಂದಾಜಿಗೆಂದು ಶೈಲಜಾ ಮೇಡಂ ಹತ್ತಿಯ ಉಂಡೆಯನ್ನು ಲೋಷನ್ನಿನಲ್ಲಿ ಅದ್ದಿ, ಇಲ್ಲಿಂದ ಶುರು ಎಂದು ಅಮಿತಾಳ ಹಣೆಯ ಕಡೆ ಕೈ ಒಯ್ದರು. ಅಮಿತಾ ಅವರ ಮುಂಗೈ ಹಿಡಿದುಕೊಂಡಳು.

ಕುಂಕುಮ ಬಿಟ್ಟು ಒರೆಸಿ ಎಂದಳು ತೆಲುಗಿನಲ್ಲಿ. ಟೈ ಮನುಷ್ಯ ಮುಂದೆ ಬಂದು ತಿಳಿಸಿ ಹೇಳಿದ. ಕಂಪನಿಯ ಲೋಷನ್ನಿನ ಹೆಚ್ಚುಗಾರಿಕೆಯೇ ಮುಖದ ಮೇಲೆ ಏನನ್ನೂ ಉಳಿಸದಿರುವುದು. ಹಣೆಯ ನಡುವೆ ಅಷ್ಟು ದೊಡ್ಡ ಕೆಂಪು ಉಳಿದುಬಿಟ್ಟರೆ ಲೋಷನ್ನು ಸೋತಂತೆ ಕಾಣುತ್ತದೆ. ಇಡೀ ಮುಖ ಬರಿದಾಗಲೇಬೇಕು, ಕ್ಯಾಮೆರಾ ಅದನ್ನು ತೋರಿಸಲೇಬೇಕು. ಕಡೆಗೆ ಇದಕ್ಕಿಂತ ಚಂದದ ಬೊಟ್ಟು ಇಡುತ್ತೇವಲ್ಲ ಎಂದ.

 ಅಮಿತಾ ಕನ್ನಡಕ್ಕೆ ತಿರುಗಿ ಗಂಡನನ್ನೇ ಕೇಳಿದಳು.

"ಕಡೀಕ್ಕ ಇಡ್ತಾರ, ಖರೆ. ನಡುವಿನ ಹೊತ್ತಿಗೆ ಏನ್ರಿ? ನೀವು ಜೀವಂತ ಎದುರಿಗೆ ನಿಂತೀರಿ. ನಾ ಬರೇ ಹಣಿಲೇ ಕುಂತು ಊರ ಮಂದಿಗೆಲ್ಲಾ ಮಾರಿ ತೋರಸ್ಲಾ?"

ಅವಳು ಕೈ ತೋರಿಸಿದ್ದರಿಂದ ಕ್ಯಾಮೆರಾದವನೂ ಸೇರಿ ಎಲ್ಲರೂ ವೈಭವನ ಕಡೆ ತಿರುಗಿ ನೋಡಿದರು. ಅವನು ಸಾಧ್ಯವಾದಷ್ಟೂ ಜೀವಂತವಾಗಿ ಕಾಣಲು ಪ್ರಯತ್ನಿಸಿದ.

ಅವಳ ಮಾತು ಅವನಿಗೆ ಹೊಸದಲ್ಲ. ಮನೆಯಲ್ಲಿ ಮುಖ ತೊಳೆದ ಮೇಲೆ ಕುಂಕುಮ ಇಟ್ಟುಕೊಳ್ಳುವವರೆಗೆ ಅವಳು ಕನ್ನಡಿಯಿಂದ ಮುಖ ತಿರುಗಿಸುತ್ತಿರಲಿಲ್ಲ. ಬಾಗಿಲು ಬಡಿದರೂ, ಹಾಲು ಉಕ್ಕಿದರೂ ತಿರುಗುತ್ತಿರಲಿಲ್ಲ. ಹಾಲು ಉಕ್ಕಿದಾಗ ಓಡಿ ಗ್ಯಾಸ್ ಆರಿಸುತ್ತಿದ್ದವನು ಅವನೇ. ಆದರೆ ಇಷ್ಟು ವರ್ಷ ಕಾರ್ಯಕ್ರಮಕ್ಕೆ ಬರುತ್ತಿದ್ದ ಆ ಮಾಡೆಲ್ ಹುಡುಗಿ ಮೊದಲೇ ಬರಿ ಹಣೆಯವಳು, ಮದುವೆಯಾಗದವಳು. ಒರೆಸುವ ಪ್ರಶ್ನೆ ಎದ್ದೇ ಇರಲಿಲ್ಲ. ನೋಡುವವರಂಥ ಮುಖ ಬೇಕೆಂದು ಭಾಷಣ ಮಾಡಿದ ಮಹಾಶಯನಿಗೆ, ನೋಡುವವರ ಹಣೆಯ ಮೇಲೆ ಏನಿರುತ್ತದೆ ಎಂಬುದು ಹೊಳೆದಿರಲಿಲ್ಲ.

ಟೈ ಮನುಷ್ಯ ಗಡಿಯಾರ ನೋಡಿಕೊಂಡು, ಈ ಕಾಲದಲ್ಲಿ ಇದೆಲ್ಲ ಯಾರು ನೋಡುತ್ತಾರೆ ಎಂದ. ಅವನ ಮಾತು ಗುರುಬಾಯಿಗೆ ಅರ್ಥವಾಯಿತು. ಕುರ್ಚಿಯಿಂದ ಏಳದೆ, ದನಿ ಏರಿಸದೆ ಹೇಳಿದರು.

"ಬರೇ ಹಣಿ ಅಂದ್ರ ಏನಂತ ನನಗ ಗೊತ್ತೈತಿ ತಮ್ಮಾ. ನಮ್ಮ ಮನ್ಯಾಗ ಒಂದು ಐತಿ, ಸಾಕು."

ಗುರುಬಾಯಿಯ ಹಣೆಯ ಮೇಲೆ ವಿಭೂತಿಯ ಗೆರೆಗಳಷ್ಟೇ ಇದ್ದವು. ಅನುವಾದ ಯಾರಿಗೂ ಬೇಕಾಗಲಿಲ್ಲ. ಶೈಲಜಾ ಮೇಡಂ ತಮ್ಮ ಬೊಟ್ಟನ್ನು ತಾವೇ ಅರಿವಿಲ್ಲದೆ ಮುಟ್ಟಿಕೊಂಡು, ಹತ್ತಿಯನ್ನು ತಟ್ಟೆಯಲ್ಲಿಟ್ಟು, ನನ್ನಿಂದಾಗದು ಸರ್ ಎಂದರು. ನರ್ಸಿಂಗ್ ರಾವ್ ಕೂಡ ಒತ್ತಾಯ ಮಾಡಲಿಲ್ಲ. ಅವರ ಮನೆಯವರು ಕಾರ್ಯಕ್ರಮ ತಪ್ಪದೆ ನೋಡುವವರು. ಅವರು ವೈಭವನ ಕಡೆ ಒಮ್ಮೆ ನೋಡಿದ ನೋಟದಲ್ಲಿ ಮಾತ್ರ, ಕಾಯಂ ಎಂಬ ಶಬ್ದ ಗಂಟುಮೂಟೆ ಕಟ್ಟಿ ಹೊರಡುತ್ತಿರುವುದು ಸ್ಪಷ್ಟವಾಗಿ ಕಂಡಿತು. ವೈಭವನ ಕೈಯಲ್ಲಿದ್ದ ಹಲಗೆ ನಡುಗಿತು. ಗೋಡೆಯ ಮೇಲೆ ಬೆಳಕೂ ನಡುಗಿತು.

ಆ ನಡುಗುವ ಬೆಳಕನ್ನು ನೋಡುತ್ತ ಗುರುಬಾಯಿ ಸೊಸೆಗೆ ಏನೋ ಹೇಳಿದರು. ಅಮಿತಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಬಳಿಕ ನರ್ಸಿಂಗ್ ರಾವ್ ಅವರಿಗೆ ಸ್ವಚ್ಛ ತೆಲುಗಿನಲ್ಲಿ ತಿಳಿಸಿದಳು: ಬರಿ ಹಣೆ ಬೇಕಾದರೆ ಗಂಡಸಿನದು ತೆಗೆದುಕೊಳ್ಳಿ, ಅದನ್ನು ಒರೆಸಿದರೆ ಯಾರ ಆಯುಷ್ಯವೂ ಕಡಿಮೆಯಾಗುವುದಿಲ್ಲ ಎನ್ನುತ್ತಾರೆ ನಮ್ಮ ಅತ್ತೆ, ಅವರ ಮಗನನ್ನೇ ಕೂರಿಸಬೇಕಂತೆ.

ಟೈ ಮನುಷ್ಯ ನಗಲು ಬಾಯಿ ತೆರೆದ. ನರ್ಸಿಂಗ್ ರಾವ್ ನಗಲಿಲ್ಲ. ಹಲಗೆಯನ್ನು ಪಕ್ಕಕ್ಕೆ ಸರಿಸಿ, ಸಂತೆಯಲ್ಲಿ ಎತ್ತಿನ ಸುತ್ತ ಬರುವಂತೆ ವೈಭವನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕಣ್ಣ ಕೆಳಗೆ ಇಳಿದ ಕಪ್ಪು, ಮೂಗಿನ ಇಕ್ಕೆಲದ ಚರ್ಮದಲ್ಲಿ ಬಾಯಿ ತೆರೆದ ಸಣ್ಣ ರಂಧ್ರಗಳು, ಹಳೆ ಮೊಡವೆಗಳು ಬಿಟ್ಟುಹೋದ ಗುಳಿಗಳು, ಮೆಹದಿಪಟ್ಟಣದಿಂದ ಮಣಿಕೊಂಡದವರೆಗಿನ ರಸ್ತೆ ದಿನವೂ ಬಳಿದ ಧೂಳು. ಶೈಲಜಾ ಮೇಡಂ ಕೂಡ ಹತ್ತಿರ ಬಂದರು. ಅವರ ಕಣ್ಣು ಈಗ ನಿಜವಾಗಿಯೂ ತುಂಬಿ ಬಂದಂತಿತ್ತು.

"ಇಷ್ಟು ದಿನ ಇದು ಎಲ್ಲಿತ್ತಯ್ಯಾ?" ಎಂದರು ನರ್ಸಿಂಗ್ ರಾವ್.

"ಹಲಗೆಯ ಹಿಂದೆ, ಸರ್," ಎಂದ ವೈಭವ.

ಬೇಡ ಎನ್ನಲು ಅವನಿಗೆ ಸಮಯವಿರಲಿಲ್ಲ, ಕಾಯಂ ಆಗದವನಿಗೆ ಆ ಅಧಿಕಾರವೂ ಇರಲಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅಂಗಿಯ ಮೇಲೆ ಬಿಳಿ ಬಟ್ಟೆ ಹೊದಿಸಿದರು. ಈಗ ಹಲಗೆ ಹಿಡಿಯುವವರಿಲ್ಲ. ಅಮಿತಾ ಸೆರಗು ಸಿಕ್ಕಿಸಿಕೊಂಡು ತಾನೇ ಹಿಡಿದಳು. ಮೊರ ಹಿಡಿದು ಅಭ್ಯಾಸವಿದ್ದವಳಿಗೆ ಥರ್ಮಾಕೋಲ್ ಯಾವ ಭಾರ. ಬೆಳಕು ಒಂದಿಷ್ಟೂ ಅಲುಗಲಿಲ್ಲ. ಕ್ಯಾಮೆರಾದವನು, ಇಷ್ಟು ಸ್ಥಿರ ಬೆಳಕು ಈ ಸ್ಟುಡಿಯೋದಲ್ಲಿ ಇದೇ ಮೊದಲು ಎಂದು ಗೊಣಗಿದ್ದು ಕುರ್ಚಿಯವರೆಗೂ ಕೇಳಿಸಿತು. ಕೆಂಪು ದೀಪ ಹತ್ತಿತು.

ಮೊದಲನೆಯ ಹತ್ತಿಯ ಉಂಡೆ ಹಣೆಯ ಮೇಲಿಂದ ಬಂದಾಗ ಬೂದು ಬಣ್ಣದ್ದಾಗಿತ್ತು. ಕೆನ್ನೆಯಿಂದ ಬಂದದ್ದು ಕಪ್ಪು. ಮೂಗಿನ ಪಕ್ಕದಿಂದ ಬಂದದ್ದನ್ನು ಶೈಲಜಾ ಮೇಡಂ ಇಕ್ಕಳದಲ್ಲಿ ಹಿಡಿದು ಕ್ಯಾಮೆರಾದ ಮುಂದೆ ಸ್ವಲ್ಪ ಹೊತ್ತು ಮೌನವಾಗಿ ತೋರಿಸಿದರು.  ಟೈ ಮನುಷ್ಯ ಕುರ್ಚಿಯ ಅಂಚಿಗೆ ಬಂದಿದ್ದ. ತನ್ನ ಲೋಷನ್ನಿಗೆ ಇಂಥ ದಿಗ್ವಿಜಯ ಅವನು ಕನಸಲ್ಲೂ ಕಂಡಿರಲಿಲ್ಲ. ನಡುವೆ ಅಮಿತಾ ಹಲಗೆಯ ಹಿಂದಿನಿಂದ ಪಿಸುಗುಟ್ಟಿದಳು: "ಸ್ವಲ್ಪ ಎಡಕ್ಕ ಹೊಳ್ರಿ, ಆ ಗುಳಿ ಸರಿ ಕಾಣವಲ್ದು."

ಕಣ್ಣ ಕೆಳಗೆ ಹಚ್ಚುವುದನ್ನು ಹಚ್ಚಿದರು, ಗುಳಿಗಳನ್ನು ಮುಚ್ಚಿದರು. ಅಲ್ಲಿಗೆ ನಿಲ್ಲಿಸುತ್ತಾರೆಂದು ವೈಭವ ತಿಳಿದಿದ್ದ. ಆದರೆ ಕಂಪನಿಯ ಪೆಟ್ಟಿಗೆಯಲ್ಲಿದ್ದ ಸಾಮಾನುಗಳನ್ನೆಲ್ಲ ತೋರಿಸಬೇಕೆಂಬುದು ಒಪ್ಪಂದ. ಟೈ ಮನುಷ್ಯ ಕ್ಯಾಮೆರಾದ ಪಕ್ಕದಿಂದ ತುಟಿ ತೋರಿಸಿದ. ಶೈಲಜಾ ಮೇಡಂ ಒಂದು ಕ್ಷಣ ಹಿಂಜರಿದು, ಬಣ್ಣದ ಅಂದಾಜು ಸಿಗಲೆಂದು ಮಾತ್ರ ಎಂದು ನೋಡುಗರ ಕ್ಷಮೆ ಕೇಳಿ, ಅವನ ತುಟಿಗೆ ದಾಳಿಂಬೆ ಬಣ್ಣ ಹಚ್ಚಿದರು. ಗೋಡೆ ಪಕ್ಕದ ಕುರ್ಚಿಯಲ್ಲಿ ಗುರುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಚಿಕ್ಕಂದಿನಲ್ಲಿ ಅವನಿಗೆ ಜಡೆ ಹಾಕಿ ಫೋಟೋ ತೆಗೆಸಿದ್ದಾಗ ಇಷ್ಟು ನಕ್ಕಿರಲಿಲ್ಲ.

ಅಷ್ಟರಲ್ಲಿ ಫೋನು ಬಂತು. ವರಂಗಲ್ಲಿನ ಒಬ್ಬ ಹೆಣ್ಣುಮಗಳು. ಆ ಅಣ್ಣನ ಕಣ್ಣ ಕೆಳಗಿನ ಕಪ್ಪು ಥೇಟು ನನ್ನದೇ, ಯಾವ ನಂಬರಿನ ಬಣ್ಣ ಹಚ್ಚಿದಿರಿ ಎಂದಳು. ಅದರ ಬೆನ್ನಿಗೆ ಕರೀಂನಗರದವಳೊಬ್ಬಳು, ಮೂಗಿನ ಪಕ್ಕದ ರಂಧ್ರಗಳನ್ನು ಇನ್ನೊಮ್ಮೆ ಹತ್ತಿರದಿಂದ ತೋರಿಸಿ, ನಮ್ಮ ಅತ್ತಿಗೆಗೆ ಹೀಗೇ ಇವೆ ಎಂದಳು. 'ಇವರ ಮುಖದ ಮೇಲೇ ಬಣ್ಣ ಕೂತಿತಲ್ಲ, ಇನ್ನು ಯಾರ ಮೇಲಾದರೂ ಕೂರುತ್ತದೆ' ಎಂದು ಮತ್ತೊಬ್ಬಳು ನಿರ್ಣಯ ಕೊಟ್ಟಳು. ನಿಜಾಮಾಬಾದಿನ ಒಬ್ಬ ವಯಸ್ಸಾದ ತಾಯಿ ಮಾತ್ರ ಏನನ್ನೂ ಕೇಳಲಿಲ್ಲ. ಇಷ್ಟು ದಿನ ಆ ಹುಡುಗಿಯನ್ನು ನೋಡಿದರೆ ಕನ್ನಡಿ ಮುಂದೆ ಹೋಗಲು ಮನಸ್ಸಾಗುತ್ತಿರಲಿಲ್ಲ, ಇವತ್ತು ಈ ಮಗನನ್ನು ನೋಡಿ ಧೈರ್ಯ ಬಂತು, ದೇವರು ಅವನನ್ನು ಚೆನ್ನಾಗಿಡಲಿ ಎಂದು ಹರಸಿ ಫೋನಿಟ್ಟರು. ಫೋನುಗಳು ನಿಲ್ಲಲೇ ಇಲ್ಲ. ತನ್ನ ಮುಖದಿಂದ ತೆಲಂಗಾಣದ ಮಹಿಳೆಯರಿಗೆ ಇಷ್ಟೊಂದು ಸಾಂತ್ವನ ದೊರೆಯಬಹುದೆಂದು ವೈಭವ ಎಣಿಸಿರಲಿಲ್ಲ. ಹೆಮ್ಮೆಪಡಬೇಕೋ ಬೇಡವೋ ತಿಳಿಯದೆ, ದಾಳಿಂಬೆ ತುಟಿಯಲ್ಲಿ ಮಂದಹಾಸ ಬೀರಿದ. ಅದಕ್ಕೂ ಒಂದು ಫೋನು ಬಂತು, ನಗದಿದ್ದರೆ ಒಳ್ಳೆಯದಂತೆ.

ಕಾರ್ಯಕ್ರಮ ಮುಗಿದೊಡನೆ ನರ್ಸಿಂಗ್ ರಾವ್ ಎಲ್ಲರೆದುರು ಅವನ ಕೈ ಕುಲುಕಿ, ಇವತ್ತಿನಿಂದ ನಿನ್ನ ಕೆಲಸ ಕಾಯಂ ಎಂದರು. ವೈಭವ ಬಗ್ಗಿ ನಮಸ್ಕರಿಸಿ ತನ್ನ ಹಲಗೆ ತೆಗೆದುಕೊಳ್ಳಲು ಹೋದ. ಹಲಗೆಯಲ್ಲ, ಕುರ್ಚಿ ಎಂದು ತಿದ್ದಿದರು. ಪ್ರತಿ ಗುರುವಾರ ಇದೇ ಮುಖ. ಹಲಗೆಗೆ ಯಾರಾದರೂ ಸಿಗುತ್ತಾರೆ. ಒಂದೇ ಮಾತು ನೆನಪಿಡು, ಮುಖ ಈಗಿರುವ ಹಾಗೇ ಇರಬೇಕು; ಸುಧಾರಿಸಿತೋ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ, ಬಂದ ಫೋನನ್ನು ತೆಗೆದುಕೊಳ್ಳುತ್ತ ಹೊರಟರು. ಈ ಸಲ ಫೋನು ನಿಜವಾಗಿಯೂ ಬಂದಿತ್ತು.

ಅಮಿತಾ ಅಂದು ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ನೇತ್ರಾ, ಟೀಚರು, ಹಾಲಿನವರ ಸೊಸೆ ಎಲ್ಲರನ್ನೂ ಕರೆದು ಮೊಬೈಲಿನಲ್ಲಿ ಕಾರ್ಯಕ್ರಮ ತೋರಿಸಿದ್ದು. ಬಾಗಿಲು ಹಾಕಿಕೊಳ್ಳುತ್ತಿದ್ದವರೆಲ್ಲ ಬಾಗಿಲು ತೆರೆದು ಅವನ ಮುಖವನ್ನು ಪ್ರೀತಿಯಿಂದ ನೋಡತೊಡಗಿದರು. ನೇತ್ರಾ ಅವರ ಯಜಮಾನರು ಮೆಟ್ಟಿಲಲ್ಲಿ ನಿಲ್ಲಿಸಿ, ನಿಮ್ಮನ್ನು ನೋಡಿದ ಮೇಲೆ ನಮ್ಮ ಮನೆಯವರು ಕ್ರೀಮಿನ ಖರ್ಚು ಬಿಟ್ಟಿದ್ದಾರೆ ಎಂದು ಕೈ ಮುಗಿದರು.

ಇಷ್ಟು ಜನರ ಕಣ್ಣು ಬಿದ್ದ ಮೇಲೆ ಯಾರಿಗಾದರೂ ಸ್ವಲ್ಪ ಶೋಕಿ ಹುಟ್ಟುವುದು ಸಹಜ. ಅದುವರೆಗೆ ಕನ್ನಡಿಯನ್ನು ಕೂದಲು ಬಾಚಲಷ್ಟೇ ಬಳಸುತ್ತಿದ್ದ ವೈಭವ ಈಗ ಅದರ ಮುಂದೆ ನಿಂತು ಎಡ ಕೆನ್ನೆ, ಬಲ ಕೆನ್ನೆ ಪರೀಕ್ಷಿಸತೊಡಗಿದ. ಒಂದು ಭಾನುವಾರ ಬೆಳಿಗ್ಗೆ, ಶೈಲಜಾ ಮೇಡಂ ಹೇಳಿದ್ದು ನೆನಪಾಗಿ, ಬಟ್ಟಲಲ್ಲಿ ಕಡಲೆಹಿಟ್ಟು ತೆಗೆದುಕೊಂಡು ಮೊಸರು ಹಾಕಿ ಕಲಸಿದ. ಎರಡು ಬೆರಳಲ್ಲಿ ತೆಗೆದು ಕೆನ್ನೆಗೆ ಒಯ್ಯುವಷ್ಟರಲ್ಲಿ ಅಮಿತಾ ಬಂದು ಬಟ್ಟಲು ಕಸಿದುಕೊಂಡಳು. ಬೆರಳಿನಲ್ಲಿದ್ದದ್ದನ್ನೂ ಬಟ್ಟಲಿನ ಅಂಚಿಗೆ ಒರೆಸಿಕೊಂಡಳು.

"ಇದು ಜುಣಕಕ್ಕ ಬೇಕು," ಎಂದಳು.

"ಅಮಿತಾ, ಬರೇ ಒಂದ್ ಸಲ ಹಚ್ಚಿ ನೋಡ್ತೀನಿ ಬಿಡ."

ಅವಳು ಒಲೆಯ ಮೇಲೆ ಬಾಣಲೆ ಇಟ್ಟು, ಸಾಸಿವೆ ಹಾಕಿ, ಅದು ಸಿಡಿಯುವವರೆಗೆ ಕಾದಳು.

"ಹುಚ್ಚರಂಗ ಮಾಡಬ್ಯಾಡ್ರಿ," ಎಂದಳು, ಬಹಳ ದಿನಗಳ ಮೇಲೆ ಕಕ್ಕುಲತೆಯಿಂದ. "ನೀವು ಚಂದ ಆದ್ರ ಮನಿ ನಡಿಯೋದು ಹೆಂಗ?"